ಭುಜ ನೋಡಿ ಬಾರಿಸುತ್ತಿದ್ದ ನಮ್ಮಣ್ಣ

ನಮ್ಮಣ್ಣ ಎಲ್ವೆಸ್ಟರ್ ಮಾತು ಕಡಿಮೆಯ ಮನುಷ್ಯ. ಕೇಳಿದ್ದಕ್ಕೂ ತಲೆ ಆಡಿಸುತ್ತಾನೆ, ಕೇಳದಿದ್ದಕ್ಕೂ ತಲೆ ಆಡಿಸುತ್ತಾನೆ. 'ಅಂಗಡಿಯಿಂದ ಉಪ್ಪು ತಗೊಂಡು ಬಾ' ಎಂದರೆ ಹೂಂ ಅಂದು ಹೋಗಿ, ಬರಿಗೈಯಲ್ಲಿ ಬಂದು ವರಾಂಡದಲ್ಲಿ ಕೂರುತ್ತಾನೆ. ಅವನ ಹೆಂಡತಿ ಇದ್ದಷ್ಟು ದಿನ 'ಈ ಗಂಡಸಿಗೆ ಬೇಕಾದ್ದಷ್ಟೇ ಕೇಳಿಸುತ್ತೆ' ಎಂದು ಬೈಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬೈಯುವ ಕೆಲಸವೂ ನನ್ನ ತಲೆಗೇ ಬಂತು. ನನಗೇನು ಬೇರೆ ಕೆಲಸ ಇರಲಿಲ್ಲವೇ? ಬೆಳಗ್ಗೆ ಎದ್ದರೆ ಮಂಡಿ ನೋವು, ಮಧ್ಯಾಹ್ನ ಎಣ್ಣೆ ಬಾಣಲೆ, ಅದರ ಮೇಲೆ ಈ ಅಣ್ಣ.

ಮಿಸಿಸಿಪ್ಪಿ ಹೊಳೆಯ ಏರಿಯ ಕೆಳಗೆ ನನ್ನದೊಂದು ಜೂಕ್ ಇದೆ. ತಗಡಿನ ಮಾಡು, ಹಲಗೆ ನೆಲ, ಒಂದು ಮೂಲೆಯಲ್ಲಿ ಡ್ರಮ್ಸು, ಇನ್ನೊಂದು ಮೂಲೆಯಲ್ಲಿ ನಾನು ಮತ್ತು ನನ್ನ ಬಾಣಲೆ. ಬಿಯರು, ಕರಿದ ಮೀನು, ಹಾಡು, ಕುಣಿತ, ಇಷ್ಟೇ ಇಲ್ಲಿ ಸಿಗುವುದು. ಭಾನುವಾರ ಚರ್ಚು ಮುಗಿಸಿದ ಜನ ಅದೇ ಒಳ್ಳೆಯ ಬಟ್ಟೆಯಲ್ಲಿ ಸೀದಾ ಇಲ್ಲಿಗೆ ಬರುತ್ತಾರೆ. ಪಾದ್ರಿಗೆ ಇದು ಗೊತ್ತು. ಅವನಿಗೂ ಎರಡು ತುಂಡು ಮೀನು ಕಟ್ಟಿ ಕಳಿಸುತ್ತೇನೆ, ಸುಮ್ಮನಿರುತ್ತಾನೆ.

ಹಾಡುವವನು ಲೆಮ್ ಟಬ್ಸ್. ಎಂಬತ್ತು ದಾಟಿ ಆಗಲೇ ಕೆಲವು ವರ್ಷ ಆಯಿತು. ಈಗ ದೂರದೂರದ ಊರಿನವರು ಅವನನ್ನು ದಂತಕಥೆ ಅನ್ನುತ್ತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಚಿಕ್ಕಂದಿನಲ್ಲಿ ಅವನು ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹುಡುಗ. ಅವನ ಹಿಂದೆ ನಲವತ್ತು ವರ್ಷದಿಂದ ಡ್ರಮ್ಸು ಬಾರಿಸಿಕೊಂಡು ಬಂದವನು ನಮ್ಮಣ್ಣ. ಅಣ್ಣನ ಜೊತೆ ಯಾರೂ ಫೋಟೋ ತೆಗೆಸಿಕೊಂಡಿಲ್ಲ. 'ಸ್ವಲ್ಪ ಪಕ್ಕಕ್ಕೆ ಸರೀತೀರಾ?' ಎಂದು ಕೇಳಿದವರುಂಟು. ಅವನು ತಲೆ ಆಡಿಸಿ ಸರಿದಿದ್ದಾನೆ.

ಅಣ್ಣ ಬಾರಿಸುವುದನ್ನು ಯಾರಿಂದಲೂ ಕಲಿತವನಲ್ಲ. ಅಮ್ಮ ಹಂದಿ ಕೊಬ್ಬು ತುಂಬಿಡುತ್ತಿದ್ದ ತಗಡಿನ ಡಬ್ಬ ಖಾಲಿಯಾದರೆ ಅದನ್ನು ಬೋರಲು ಹಾಕಿ, ಒಣಗಿದ ಹತ್ತಿ ಕಡ್ಡಿಯಲ್ಲಿ ಬಡಿಯುತ್ತಿದ್ದ. ದೊಡ್ಡವನಾದ ಮೇಲೆ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ಸೇರಿದ. ಸುಗ್ಗಿ ಬಂತೆಂದರೆ ಅಲ್ಲಿ ಮಿಷನ್ನು ಹಗಲೂ ರಾತ್ರಿ ನಿಲ್ಲುತ್ತಿರಲಿಲ್ಲ. ಒಳಗೆ ಹೋದರೆ ಪಕ್ಕದವನು ಕಿರುಚಿದರೂ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಸಂಜೆ ಮನೆಗೆ ಬಂದ ಅಣ್ಣನ ಹುಬ್ಬಿನ ತುಂಬ ಅರಳೆ, ಮಾತಾಡಿದರೆ ಊರೆಲ್ಲ ಕೇಳುವಷ್ಟು ಜೋರು. ಜಿನ್ನು ಮುಚ್ಚುವವರೆಗೂ ಅಲ್ಲೇ ದುಡಿದ. ವಾರದ ಕೊನೆಗೆ ಲೆಮ್‌ನ ಹಿಂದೆ ಕೂತು ಬಾರಿಸುವುದು ಅವನಿಗಿದ್ದ ಒಂದೇ ಚಟ.

ಲೆಮ್‌ನ ಹಿಂದೆ ಬಾರಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಬೇರೆ ಕಡೆಯ ಹಾಡುಗಾರರು ಲೆಕ್ಕ ಇಟ್ಟು ಹಾಡುತ್ತಾರಂತೆ, ತಂತಿಯ ಮೇಲೆ ಬೆರಳಿನ ಹಿಡಿತ ಇಷ್ಟು ತಾಳ ಈ ಪಟ್ಟು, ಇಷ್ಟು ತಾಳ ಆ ಪಟ್ಟು ಎಂದು. ಲೆಮ್‌ಗೆ ಆ ಲೆಕ್ಕವೆಲ್ಲ ಆಗಿಬರುವುದಿಲ್ಲ. ಗಿಟಾರಿನ ಮೇಲೆ ಒಂದು ಪಟ್ಟು ಹಿಡಿದರೆ ಮನಸ್ಸು ತುಂಬುವ ತನಕ ಅಲ್ಲೇ ಇರುತ್ತಾನೆ, ಸಾಕೆನಿಸಿದಾಗ ಬದಲಿಸುತ್ತಾನೆ. ಅದು ಯಾವಾಗ ಎಂದು ಅವನಿಗೇ ಗೊತ್ತಿರುವುದಿಲ್ಲ. ಶಿಕಾಗೋದಿಂದ ಬಂದ ಕಲಿತ ಡ್ರಮ್ಮಿನವರು ಅವನ ಹಿಂದೆ ಕೂತು ಬೆವರು ಸುರಿಸಿ ಎದ್ದುಹೋಗಿದ್ದಾರೆ. ಅಣ್ಣನಿಗೆ ಒಂದು ಗುಟ್ಟು ಸಿಕ್ಕಿತ್ತು. ಪಟ್ಟು ಬದಲಿಸುವ ಮುಂಚೆ ಲೆಮ್‌ನ ಎಡ ಭುಜ ಚೂರು ಮೇಲಕ್ಕೆ ಹೋಗುತ್ತದೆ. ಅಣ್ಣನ ಕಣ್ಣು ಆ ಭುಜವನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಅವರಿಬ್ಬರದು ಒಂದೇ ಉಸಿರು ಎಂದು ಜನ ಹೇಳುತ್ತಿದ್ದರು, ಅದು ನಿಜವೂ ಆಗಿತ್ತು.

ಈಚಿನ ಕೆಲವು ವರ್ಷಗಳಲ್ಲಿ ಅದು ಕೆಟ್ಟಿತು. ಲೆಮ್ ಒಂದೇ ಪಟ್ಟಿನಲ್ಲಿ ಸಿಕ್ಕಿಬಿದ್ದ ಹಾಗೆ ನಿಲ್ಲತೊಡಗಿದ. ಹೇಳಿದ ಸಾಲನ್ನೇ ಮತ್ತೆ ಹೇಳುತ್ತಾನೆ, ಕಾಲನ್ನು ನೆಲಕ್ಕೆ ಧಡಧಡ ಅಪ್ಪಳಿಸುತ್ತಾನೆ, ಎಷ್ಟೋ ಹೊತ್ತಿನ ಮೇಲೆ ಮುಂದಕ್ಕೆ ಹೋಗುತ್ತಾನೆ. ಅದಕ್ಕಿಂತ ವಿಚಿತ್ರವೆಂದರೆ, ಕುರ್ಚಿಯನ್ನು ಜನರ ಕಡೆಯಿಂದ ತಿರುಗಿಸಿ ಡ್ರಮ್ಮಿನ ಕಡೆಗೆ ಹಾಕಿಕೊಂಡು ಕೂರಲು ಶುರು ಮಾಡಿದ. ಮೀನು ತಿನ್ನಲು ಬಂದವರಿಗೆ ಕಾಣುವುದು ಅವನ ಬೆನ್ನು, ಒಂದು ಕಿವಿ, ಅರ್ಧ ಕೆನ್ನೆ.

"ವಯಸ್ಸಾಯ್ತು ಕಣಮ್ಮ, ಮುಗೀತು ಅವನ ಕಥೆ," ಎನ್ನುತ್ತಿದ್ದ ಕ್ಷೌರದ ಪರ್ನೆಲ್. ಊರಿನ ತಲೆಗಳೆಲ್ಲ ಅವನ ಕೈಯಲ್ಲಿ, ಊರಿನ ಮಾತುಗಳೆಲ್ಲ ಅವನ ಬಾಯಲ್ಲಿ. "ಮನುಷ್ಯನಿಗೆ ತಾನು ಎತ್ತ ಮುಖ ಮಾಡಿ ಕೂತಿದೀನಿ ಅನ್ನೋದೇ ಗೊತ್ತಿಲ್ಲ ಅಂದ್ರೆ, ಹಾಡು ಹೆಂಗೆ ನೆನಪಿರುತ್ತೆ ಹೇಳು?"

"ನಿನ್ನ ಕತ್ತರಿ ನೆಟ್ಟಗಿದ್ಯಾ ನೋಡ್ಕೋ ಹೋಗು. ಹೋದ ವಾರ ಪಾದ್ರಿ ಕಿವಿ ಕುಯ್ದಿದೀಯ," ಎಂದೆ ನಾನು.

"ಕಿವಿ ಅಲ್ಲ ಕಣಮ್ಮ, ಅದರ ಅಂಚು ಅಷ್ಟೇ!"

ಅವನ ಬಾಯಿ ಮುಚ್ಚಿಸಿದೆನೇ ಹೊರತು ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು. ಒಂದು ಭಾನುವಾರ ಹ್ಯಾಟು ಹಾಕಿದ ಒಬ್ಬ, ಸಮುದ್ರದ ಆಚೆಯಿಂದ ಹೆಂಡತಿಯನ್ನು ಕರೆದುಕೊಂಡು ಬಂದವನು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಮಿಸ್ ಓಜೆಲ್ಲಾ, ನಾವು ಅವರ ಹಾಡು ಕೇಳ್ಕೊಂಡೇ ಬೆಳೆದವರು. ಇಷ್ಟು ದೂರ ಬಂದ್ವಿ. ಅವರು ತಿರುಗಿ ಕೂಡ ನೋಡಲಿಲ್ಲ. ಮನೇಲಿ ಹಳೇ ರೆಕಾರ್ಡು ಹಾಕ್ಕೊಂಡು ಕೂತಿದ್ರೇ ಚೆನ್ನಾಗಿತ್ತು ಅನ್ಸುತ್ತೆ."

"ಹಾಡು ಕೇಳೋಕೆ ಬಂದ್ರಾ, ಹೆಣ್ಣು ನೋಡೋಕೆ ಬಂದ್ರಾ? ಮುಖ ಯಾಕೆ ಬೇಕು?" ಎಂದು ರೇಗಿದೆ. ಪಾಪ, ಅವನು ಕೆಂಪಾಗಿ ಹೋದ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಶಿಕಾಗೋದ ಒಂದು ದೊಡ್ಡ ಸಭಾಂಗಣದಿಂದ ಲೆಮ್‌ಗೆ ಕರೆ ಬಂದದ್ದು ಆ ಬೇಸಿಗೆಯಲ್ಲೇ. ಸಾವಿರಾರು ಜನ ಸೇರುತ್ತಾರೆ, ಹತ್ತಿ ಹೂ ಬಿಚ್ಚುವ ಹೊತ್ತಿಗೆ ಲೆಮ್, ಅಣ್ಣ ಇಬ್ಬರೂ ಬರಬೇಕು ಅಂತ. ಊರೆಲ್ಲ ಕುಣಿಯಿತು. ಅಣ್ಣ ಮಾತ್ರ ಊಟ ಬಿಟ್ಟವನ ಹಾಗೆ ಆದ.

ಶನಿವಾರ ಹಿತ್ತಲಲ್ಲಿ ಕೂತು ಮೀನು ಸೀಳುತ್ತಿದ್ದೆವು. ಅವನು ಚಾಕು ಕೆಳಗಿಟ್ಟು, "ಓಜೆಲ್ಲಾ, ಕ್ಯಾಲ್ವರ್ಟ್ ನೆನಪಿದಾನಾ?" ಎಂದ.

ನೆನಪಿಲ್ಲದೆ ಏನು. ಕ್ಯಾಲ್ವರ್ಟ್ ಅಂದರೆ ಮೌತ್ ಆರ್ಗನ್ ಊದುತ್ತಿದ್ದವನು, ಇವರಿಬ್ಬರಿಗಿಂತ ಒಂದು ತಲೆಮಾರು ಹಿರಿಯ. ಹಲ್ಲು ಹೋಗಿ, ದಮ್ಮು ಹೋಗಿ, ಆದರೂ ಬಿಡದೆ ಊದುತ್ತಿದ್ದ. ಉತ್ತರದ ಯಾವುದೋ ಪಟ್ಟಣದಲ್ಲಿ ಜನ ಅವನನ್ನು ನೋಡಿ ನಕ್ಕರು, ಕೊನೆಗೆ ಶಿಳ್ಳೆ ಹೊಡೆದು ಇಳಿಸಿದರು. ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಅತ್ತನಂತೆ. ಇಷ್ಟು ನನಗೆ ಗೊತ್ತಿತ್ತು. ಅದರ ಮುಂದಿನದು ಗೊತ್ತಿರಲಿಲ್ಲ.

"ಅವನನ್ನ ಮನೆಗೆ ಬಿಟ್ಟ ಮೇಲೆ ನಾವಿಬ್ರೂ ಮಾತು ಕೊಟ್ಕೊಂಡ್ವಿ," ಎಂದ ಅಣ್ಣ. "ನಮ್ಮಿಬ್ರಲ್ಲಿ ಯಾರ ಆಟ ಮುಗೀತೋ, ಇನ್ನೊಬ್ಬ ಅದನ್ನ ಬಾಯಲ್ಲಿ ಹೇಳ್ಬಾರದು. ಲೆಮ್ ಮುಗಿದ ಅಂತ ನನಗೆ ಅನ್ಸಿದ್ರೆ, ಹಾಡಿನ ಮಧ್ಯೆನೇ ಕಡ್ಡಿ ಎರಡೂ ಡ್ರಮ್ಮಿನ ಮೇಲೆ ಮಲಗಿಸ್ಬೇಕು. ನಾನು ಮುಗಿದೆ ಅಂತ ಅವನಿಗೆ ಅನ್ಸಿದ್ರೆ, ಅವನು ಗಿಟಾರು ನಿಲ್ಲಿಸ್ಬೇಕು. ಅಷ್ಟೇ. ಆಮೇಲೆ ಯಾಕೆ ಏನು ಅಂತ ಕೇಳೋ ಹಂಗಿಲ್ಲ. ಎದ್ದು ಮನೆಗೆ ಹೋಗೋದು."

"ಥೂ, ಇದೆಂಥ ಮಾತೋ! ಆ ಹಾಡು ಬಿಟ್ರೆ ಲೆಮ್‌ಗೆ ಇನ್ನೇನಿದೆ? ಹೆಂಡ್ತಿನಾ ಮಕ್ಳಾ?"

"ಏನೂ ಇಲ್ಲ. ಅದಕ್ಕೇ ಇಷ್ಟು ದಿನ ತಡ್ಕೊಂಡೆ." ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಭುಜ ಎತ್ತುತಾನೆ, ಆದ್ರೆ ಪಟ್ಟು ಬದಲಿಸಲ್ಲ. ಕಾಲು ಬಡೀತಾ ಕೂತ್ಬಿಡ್ತಾನೆ, ದಾರಿ ತಪ್ಪಿದವನ ಥರ. ಶಿಕಾಗೋದಲ್ಲಿ ಅಷ್ಟು ಜನರ ಮುಂದೆ ಹಂಗಾದ್ರೆ? ಕ್ಯಾಲ್ವರ್ಟ್ ಥರ ಅವನೂ ಅಳ್ಬೇಕಾ? ನಾಳೆ ಇಟ್ಬಿಡ್ತೀನಿ ಕಡ್ಡಿ."

ನಾನು ಮೀನು ತೊಳೆಯಲು ನಲ್ಲಿಯ ಕಡೆ ತಿರುಗಿ, "ಇನ್ನೊಂದ್ ವಾರ ನೋಡೋ, ಯಾಕೆ ಅವಸರ?" ಎಂದೆ. ಉತ್ತರ ಇಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ಆಗಲೂ ಇಲ್ಲ. ಮೊಂಡ, ಹುಟ್ಟಿದಾಗಿನಿಂದಲೂ ಮೊಂಡ ಎಂದು ಬೈದುಕೊಂಡು ಮೀನಿಗೆ ಉಪ್ಪು ಹಚ್ಚಿದೆ.

ಭಾನುವಾರ ಸೆಕೆ ಅಂದರೆ ಸೆಕೆ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿ. ಊರಿನವರು, ಹೊರಗಿನವರು, ಒಟ್ಟು ಜಾಗವಿಲ್ಲದಷ್ಟು ಜನ. ಚರ್ಚಿನ ಹಾಡಿನ ಗುಂಪಿನ ಸಿಸ್ಟರ್ ವರ್ಡೆಲ್ ತನ್ನ ಹಳದಿ ಟೋಪಿಯಲ್ಲೇ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಎಪ್ಪತ್ತರ ಹೆಂಗಸು, ಆದರೆ ಅವಳ ಕಾಲಿಗೆ ತಾಳ ತಪ್ಪಿದ್ದನ್ನು ನಾನು ಕಂಡಿಲ್ಲ. ಈಚೆಗೆ ಅವಳು ಕುಣಿಯುವುದನ್ನು ಕಡಿಮೆ ಮಾಡಿದ್ದಳು. ಎರಡು ಹೆಜ್ಜೆ ಹಾಕಿ, ಎಲ್ಲೋ ತೊಡರಿದವಳ ಹಾಗೆ ನಿಂತು, ಸುಮ್ಮನೆ ಕರವಸ್ತ್ರ ಬೀಸಿಕೊಳ್ಳುತ್ತಿದ್ದಳು. ಮಂಡಿ ನೋವಿರಬೇಕು, ನನ್ನ ಹಾಗೆ ಎಂದುಕೊಂಡಿದ್ದೆ.

ಲೆಮ್ ಬಂದ. ಎಂದಿನಂತೆ ಕುರ್ಚಿಯನ್ನು ಡ್ರಮ್ಮಿನ ಕಡೆ ತಿರುಗಿಸಿಕೊಂಡ. ಹಿಂದಿನಿಂದ ಯಾರೋ 'ಈ ಕಡೆ ನೋಡಿ ಸಾರ್' ಎಂದರು. ಅವನು ನೋಡಲಿಲ್ಲ. ಮೊದಲ ಹಾಡು ಎಳೆದುಕೊಂಡು ಹೋಯಿತು. ಎರಡನೆಯದರಲ್ಲಿ ಅವನು ಒಂದು ಪಟ್ಟು ಹಿಡಿದು ನಿಂತೇಬಿಟ್ಟ. ಭುಜ ಮೇಲೆ ಹೋಯಿತು, ಇಳಿಯಿತು, ಮತ್ತೆ ಮೇಲೆ ಹೋಯಿತು. ಕಾಲು ಹಲಗೆಗೆ ಬಡಿಯುತ್ತಿದೆ, ಬಡಿಯುತ್ತಿದೆ, ಹಾಡು ಮಾತ್ರ ಮುಂದಕ್ಕೆ ಹೋಗದು. ಮೊಬೈಲು ಎತ್ತಿ ಹಿಡಿದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಪರ್ನೆಲ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಅಣ್ಣ ಎರಡೂ ಕಡ್ಡಿಗಳನ್ನು ಜೋಡಿಸಿ ಡ್ರಮ್ಮಿನ ಮೇಲೆ ಮಲಗಿಸಿದ.

ನನ್ನ ಕೈಯಲ್ಲಿದ್ದ ಜಾಲರಿ ಸೌಟು ಹಾಗೇ ನಿಂತಿತು. ಲೆಮ್ ಆ ಕಡ್ಡಿಗಳನ್ನು ನೋಡಿದ, ಅಣ್ಣನ ಮುಖ ನೋಡಿದ. ಈಗ ಗಿಟಾರು ಕೆಳಗಿಟ್ಟು ಎದ್ದು ಹೋಗುತ್ತಾನೆ, ಮುಗಿಯಿತು ಎಂದುಕೊಂಡೆ.

ಅವನು ಏಳಲಿಲ್ಲ. ಬಾರಿಸುವುದನ್ನು ನಿಲ್ಲಿಸಲೂ ಇಲ್ಲ. ಬೆರಳು ತಂತಿಯ ಮೇಲೆ ಇರುವಂತೆಯೇ, ಕಾಲಲ್ಲಿ ಒತ್ತಿ ಒತ್ತಿ ಕುರ್ಚಿಯನ್ನು ಮೆಲ್ಲಗೆ ನಮ್ಮ ಕಡೆಗೆ ತಿರುಗಿಸಿದ. ಎಷ್ಟು ವರ್ಷವಾಗಿತ್ತು ಆ ಮುಖ ನೋಡಿ! ಕಣ್ಣು ಮುಚ್ಚಿಕೊಂಡ. ಬಾಯಿ ತೆರೆದ.

ಅಯ್ಯೋ ದೇವರೇ, ಆ ಮುದುಕ ಹಾಡಿದ. 'ಬಾಗಿಲು ತೆಗೆಯೇ, ಏರಿ ಹತ್ತಿ ಬಂದಿದ್ದೇನೆ' ಎಂದು ಎಳೆದ ಸ್ವರಕ್ಕೆ ನನ್ನ ತೋಳಿನ ರೋಮ ಎದ್ದವು. ಪಟ್ಟು ಬದಲಿಸಿದ, ಎಲ್ಲೂ ಕಾಯಲಿಲ್ಲ. ಬೇಕಾದಾಗ ನಿಂತ, ಬೇಕಾದಾಗ ಹಾರಿದ, ಮೊದಲಿನ ಹಾಗೆಯೇ, ತನಗೆ ಮಾತ್ರ ಗೊತ್ತಿರುವ ಲೆಕ್ಕದಲ್ಲಿ. ಧ್ವನಿ ಒರಟಾಗಿತ್ತು, ಇರಲಿ ಬಿಡಿ. ಸಿಸ್ಟರ್ ವರ್ಡೆಲ್ ಕರವಸ್ತ್ರ ಬಿಸಾಕಿ ಕುಣಿದಳು. ಒಂದು ಹೆಜ್ಜೆ ತೊಡರಲಿಲ್ಲ. ಅವಳ ಹಿಂದೆ ಅರ್ಧ ಜನ ಕುಣಿದರು, ನನ್ನ ಬಾಣಲೆಯ ಎಣ್ಣೆ ತುಳುಕುವಷ್ಟು ನೆಲ ಅದುರಿತು.

ಆಗ ನಾನು ಅಣ್ಣನ ಕಡೆ ನೋಡಿದೆ. ಅವನು ಕುಣಿಯುವವರ ಕಾಲುಗಳನ್ನು ನೋಡುತ್ತಿದ್ದ. ಒಂದು ಜೊತೆ ಕಾಲಿನಿಂದ ಇನ್ನೊಂದು ಜೊತೆಗೆ, ಅಲ್ಲಿಂದ ಲೆಮ್‌ನ ಪಾದಕ್ಕೆ. ಅವನ ತಲೆ ಅಲ್ಲಾಡುತ್ತಿರಲಿಲ್ಲ, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿರಲಿಲ್ಲ. ಇಡೀ ಜೂಕಿನಲ್ಲಿ ಆ ಹಾಡು ಮುಟ್ಟದೆ ಕೂತಿದ್ದವನು ಅವನೊಬ್ಬನೇ. ಉಪ್ಪು ತಾರದೆ ಬಂದದ್ದು, ನಲ್ಲಿಯ ಕಡೆ ತಿರುಗಿ ಆಡಿದ ಮಾತಿಗೆ ಉತ್ತರ ಕೊಡದಿದ್ದದ್ದು, ಯಾವ ತಮಾಷೆಗೂ ಎಲ್ಲರೂ ನಕ್ಕ ಮೇಲೆ ಅವನು ನಗುತ್ತಿದ್ದದ್ದು, ಎಲ್ಲ ನನ್ನ ಮುಂದೆ ಬಂದು ನಿಂತವು. ನನ್ನ ಅಣ್ಣನಿಗೆ ಕಿವಿ ಕೇಳುವುದಿಲ್ಲ. ಹತ್ತಿ ಜಿನ್ನಿನ ಸದ್ದು ಆ ಕಿವಿಯನ್ನು ಚೂರುಚೂರಾಗಿ ತಿಂದು ಯಾವತ್ತು ಮುಗಿಸಿತೋ ಯಾರಿಗೆ ಗೊತ್ತು. ಭುಜ ನೋಡಿಯೇ ಬಾರಿಸುವವನಾದ್ದರಿಂದ ಕೇಳದೆಯೂ ಇಷ್ಟು ದೂರ ಬಂದಿದ್ದ. ಲೆಮ್ ಒಂದೇ ಪಟ್ಟಿನಲ್ಲಿ ನಿಲ್ಲುತ್ತಿದ್ದದ್ದು ಮರೆತಲ್ಲ. ಕುರ್ಚಿ ತಿರುಗಿಸಿ ಭುಜ ತೋರಿಸುತ್ತ, ಕಾಲಿನ ಏಟನ್ನು ನೆಲದಿಂದ ಮುಟ್ಟಿಸುತ್ತ, ಹಿಂದೆ ಬಿದ್ದ ಅಣ್ಣ ಬಂದು ಸೇರಲಿ ಎಂದು ಕಾಯುತ್ತಿದ್ದ.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿ, ಕೂಗಿ, ಕಾಲು ಬಡಿದು ಗದ್ದಲ ಎಬ್ಬಿಸಿದರು. ಲೆಮ್ ಅದಾವುದನ್ನೂ ಗಮನಿಸದೆ ಕುರ್ಚಿಯನ್ನು ಮತ್ತೆ ಡ್ರಮ್ಮಿನ ಕಡೆಗೆ ತಿರುಗಿಸಿಕೊಂಡ. ಎಡ ಭುಜವನ್ನು ಎತ್ತಿ ಹಿಡಿದ. ಚೂರಲ್ಲ, ಕಿವಿಗೆ ತಾಗುವಷ್ಟು ಮೇಲಕ್ಕೆ.

"ತಗೊಳ್ಳೋ ಕಡ್ಡಿ," ಎಂದ. "ಎಲ್ವೆಸ್ಟರ್, ತಗೊಳ್ಳೋ."

"ನೋಡ್ದಾ, ಅಜ್ಜನಿಗೆ ಮತ್ತೆ ಮಂಕು ಹಿಡೀತು," ಎಂದು ಹೊರಗಿನವನೊಬ್ಬ ಗೊಣಗಿದ. ಸೌಟಿನಲ್ಲಿ ಅವನ ಬಾಯಿಗೆ ಬಡಿಯೋಣವೆನಿಸಿತು.

ಅಣ್ಣ ಎದ್ದ. ಡ್ರಮ್ಮನ್ನು ಬಳಸಿಕೊಂಡು ಬಂದು, ಎತ್ತಿದ ಆ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ ಇಳಿಸಿದ. ಕುರ್ಚಿಯ ಬೆನ್ನು ಹಿಡಿದು, ಕೂತವನ ಸಮೇತ, ಜನರ ಕಡೆಗೆ ತಿರುಗಿಸಿದ. ಆಮೇಲೆ ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಹೋದ. ನಲ್ಲಿಯ ನೀರು ಬಿಟ್ಟ ಸದ್ದು ಕೇಳಿತು.

ಲೆಮ್ ಗಿಟಾರು ಒರಗಿಸಿ, ನೀರು ಬೇಕೆಂದು ನನ್ನ ಹತ್ತಿರ ಬಂದ. ಲೋಟ ಕೊಟ್ಟೆ.

"ಯಾವತ್ತಿಂದ ಗೊತ್ತಿತ್ತು ನಿಮಗೆ, ಮಿಸ್ಟರ್ ಲೆಮ್?"

"ಅವನ ಹೆಂಡ್ತಿ ತೀರ್ಕೊಂಡ್ಲಲ್ಲ, ಆ ವರ್ಷದಿಂದ. ಗೋರಿ ಹತ್ರ ಎಲ್ಲ ಹಾಡ್ತಿದ್ರು, ಇವನು ತುಟಿ ಆಡಿಸೋದ್ರಲ್ಲಿ ಒಂದು ಸಾಲು ಹಿಂದೆ ಇದ್ದ."

"ಮತ್ತೆ ಮಾತು ಕೊಟ್ಟಿದ್ರಂತಲ್ಲ? ನೀವೇ ಅವತ್ತು ಗಿಟಾರು ನಿಲ್ಲಿಸ್ಬೇಕಿತ್ತು. ಊರೆಲ್ಲ ನಿಮ್ಮನ್ನ ಮುಗಿದ ಮುದುಕ ಅಂತು. ನಾನೂ ಹಂಗೇ ಅಂದ್ಕೊಂಡೆ."

"ಅನ್ಲಿ ಬಿಡೇ," ಎಂದ ಲೆಮ್. ನೀರು ಕುಡಿದು ಲೋಟ ಇಟ್ಟ. "ನಿಲ್ಲಿಸಿದ್ರೆ ಅವನು ಭಾನುವಾರ ಎಲ್ಲಿ ಹೋಗಿ ಕೂತ್ಕೋತಿದ್ದ?"

ನಾನು ಲೋಟ ತೆಗೆದಿಟ್ಟೆ. ಅವನು ವಾಪಸು ಹೋಗಿ ಕೂತ. ಖಾಲಿ ಡ್ರಮ್ಮಿನ ಕಡೆ ಒಮ್ಮೆ ನೋಡಿ, ಅಣ್ಣ ಹಾಕಿಟ್ಟ ಹಾಗೆಯೇ, ಜನರಿಗೆ ಮುಖ ಕೊಟ್ಟು ಶುರು ಮಾಡಿದ.

ಅಣ್ಣ ಒಳಗೆ ಬಂದ. ಮುಖ ತೊಳೆದಿದ್ದ, ಕತ್ತಿನವರೆಗೂ ಒದ್ದೆ. ಮೊಳೆಗೆ ನೇತುಹಾಕಿದ್ದ ಇನ್ನೊಂದು ಏಪ್ರನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಮೀನಿಗೆ ಮೆಕ್ಕೆಜೋಳದ ಹಿಟ್ಟು ಹಚ್ಚತೊಡಗಿದ. ಎಷ್ಟು ಹೊತ್ತು ಹಾಗೇ ಹಚ್ಚಿದನೋ. ಆಮೇಲೆ, ಜಿನ್ನಿನಿಂದ ಬಂದವನ ಆ ಹಳೆಯ ಜೋರು ದನಿಯಲ್ಲಿ ಕೇಳಿದ.

"ಹೆಂಗಿದೆ?"

ಎಣ್ಣೆಯ ಕಡೆ ನೋಡಿಕೊಂಡೇ ಉತ್ತರ ಹೇಳಲು ಹೋದವಳು ನಿಲ್ಲಿಸಿದೆ. ಸೌಟು ಇಟ್ಟು, ಅವನ ಎದುರಿಗೆ ಬಂದು ನಿಂತೆ, ಬಾಯಿ ಕಾಣುವ ಹಾಗೆ.

"ಚೆನ್ನಾಗಿದೆ ಕಣೋ."

"ಸಮಾಧಾನಕ್ಕೆ ಹೇಳ್ಬೇಡ. ಶಿಕಾಗೋಗೆ ಹೋಗ್ಬಹುದಾ ಅವನು?"

"ಹೋಗ್ಬಹುದು. ಒಬ್ನೇ ಹೋದ್ರೂ ಸಾಕು, ಮಾಡು ಹಾರಿಸಿ ಬರ್ತಾನೆ."

ಅವನು ತಲೆ ಆಡಿಸಿದ. ಈ ಸಲ ಕೇಳಿದ್ದಕ್ಕೇ ಆಡಿಸಿದ. ಹಿಟ್ಟು ಮೆತ್ತಿದ ಅಂಗೈಯನ್ನು ಕಟ್ಟೆಯ ಹಲಗೆಯ ಮೇಲೆ ಚಪ್ಪಟೆಯಾಗಿ ಊರಿ ನಿಂತ. ನೆಲದಿಂದ ಲೆಮ್‌ನ ಕಾಲಿನ ಏಟು ಆ ಹಲಗೆಗೆ ಬರುತ್ತಿತ್ತು, ನನ್ನ ಮೊಣಕೈಗೂ ತಿಳಿಯುತ್ತಿತ್ತು. ಅಣ್ಣ ಕಣ್ಣು ಮುಚ್ಚಿ ಅದನ್ನು ಹುಡುಕಿದ. ಆಮೇಲೆ ಕಣ್ಣು ತೆರೆದು ನನ್ನ ತುಟಿ ನೋಡುತ್ತ, ಈ ಸಲ ಪಿಸುಗುಟ್ಟಿದ.

"ಯಾವ ಹಾಡು ಅದು?"